ಬಾಳ್ಗೞ್ಚಿನಿಂದ ಸೇವಾ ದಾಖಲೆಯವರೆಗೆ: ಬಿಟ್ಟುಹೋದ ಪದಕಗಳ ಪ್ರಶ್ನೆ

ಐಚ್ಛಿಕ ಕನ್ನಡವನ್ನು ಆಯ್ದುಕೊಂಡ ವಿದ್ಯಾರ್ಥಿಗಳು ವ್ಯಾಸಂಗದ ಆರಂಭದಲ್ಲಿಯೇ ಹಲ್ಮಿಡಿ ಶಾಸನವನ್ನು ಎದುರುಗೊಳ್ಳುತ್ತಾರೆ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಆ ಶಾಸನದ ಲಿಪಿ, ಅದರಲ್ಲಿನ ಸಂಸ್ಕೃತ ಪದಗಳ ಬಾಹುಳ್ಯ, ಪೂರ್ವದ ಹಳಗನ್ನಡದ ರೂಪಗಳು ಪರೀಕ್ಷೆಯ ಪ್ರಶ್ನೆಗಳಾಗಿ ಎಲ್ಲರಿಗೂ ಪರಿಚಿತ. ಅದರ ವಿಷಯದತ್ತ ಮಾತ್ರ ಗಮನ ಹರಿಯುವುದು ಕಡಿಮೆ. ಕೇಕಯ-ಪಲ್ಲವರೊಡನೆ ಕಾದಿ ಜಯ ಪಡೆದ ವಿಜ ಅರಸನೆಂಬ ವೀರನಿಗೆ ಎರಡು ಊರುಗಳನ್ನು ಬಾಳ್ಗೞ್ಚಾಗಿ ಕೊಟ್ಟದ್ದನ್ನು ಆ ಕಲ್ಲು ದಾಖಲಿಸುತ್ತದೆ. ಬಾಳ್ಗೞ್ಚು ಎಂದರೆ ಕತ್ತಿಯನ್ನು ತೊಳೆಯುವುದು. ರಣದಿಂದ ಮರಳಿದವನಿಗೆ ಸಲ್ಲುವ ಗೌರವದ ಕೊಡುಗೆ ಎಂಬುದು ಅದರ ತಾತ್ಪರ್ಯ. ಬಹುಕಾಲದಿಂದ ಕನ್ನಡದ ಮೊದಲ ಶಾಸನವೆಂದು ಪಾಠವಾಗುತ್ತ ಬಂದಿರುವ ಬರಹವು ಹೀಗೆ ಒಬ್ಬ ಯೋಧನಿಗೆ ಸಂದ ಪ್ರಶಸ್ತಿಯ ದಾಖಲೆಯಾಗಿದೆ.

ಆ ಶಾಸನದ ಕಟ್ಟು ಇಂದಿನ ಯಾವ ಕಚೇರಿಯ ಕಡತಕ್ಕೂ ಮೇಲ್ಪಂಕ್ತಿಯಾಗಬಲ್ಲದು. ಯಾರು ಕಾದಿದನು, ಯಾರೊಡನೆ ಕಾದಿದನು, ಯಾರ ಸಮಕ್ಷಮದಲ್ಲಿ ಕೊಡುಗೆ ಸಂದಿತು, ಏನು ಸಂದಿತು ಎಂಬ ವಿವರಗಳು ಅಲ್ಲಿವೆ. ಅದನ್ನು ಅಳಿಸಿದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಕೊನೆಯಲ್ಲಿದೆ. ಕೊಡುಗೆಯನ್ನು ನೀಡುವುದು ಎಷ್ಟು ಮುಖ್ಯವೋ ಅದರ ದಾಖಲೆಯನ್ನು ಕಾಯುವುದೂ ಅಷ್ಟೇ ಮುಖ್ಯವೆಂಬ ತಿಳಿವಳಿಕೆ ಹದಿನೈದು ಶತಮಾನಗಳ ಹಿಂದೆಯೇ ಈ ನಾಡಿನಲ್ಲಿತ್ತು. ಹೋರಾಡಿದವನ ಹೆಸರಿನ ಮುಂದೆ ಬರೆಯಬೇಕಾದ ಪದಕ ಬರೆಯದೆ ಉಳಿದರೆ ಅದನ್ನು ತಿದ್ದುವ ಹೊಣೆ ಯಾರದು? ಈ ಪ್ರಶ್ನೆಯನ್ನು ಇಂದು ಕೇಳಬೇಕಾದದ್ದು ಹಲ್ಮಿಡಿಯಿಂದ ದೂರದಲ್ಲಿ, ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ, ಆದರೆ ಮನೆಮಾತಿನಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ತಾಳವಾಡಿಯ ಬೆಟ್ಟಗಳಂತಹ ಗಡಿನೆಲಗಳಲ್ಲಿ.

ಆ ನೆಲದ ಕಷ್ಟವನ್ನು ಅರಿಯುವ ಮುನ್ನ, ಬಿಟ್ಟುಹೋದ ಗೌರವವೊಂದು ಮರಳಿ ದೊರೆತ ಪ್ರಸಿದ್ಧ ನಿದರ್ಶನವನ್ನು ನೆನೆಯುವುದು ಉಚಿತ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನಲ್ಲಿ ಮಿಸ್ಟೇರ್ ವಿಮಾನದ ಚಾಲಕರಾಗಿದ್ದರು. 1965ರ ಸೆಪ್ಟೆಂಬರ್ 7ರಂದು ಆ ಸ್ಕ್ವಾಡ್ರನ್ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಿತು. ದೇವಯ್ಯನವರ ವಿಮಾನ ಮೀಸಲು ಸಾಲಿನದು. ದಾಳಿಗೆ ಹೋದ ವಿಮಾನಗಳ ಪೈಕಿ ಅವರದು ಹಿಂದಿರುಗಲಿಲ್ಲ. ಕಂಡವರಿರಲಿಲ್ಲ, ಆದುದರಿಂದ ದಾಖಲೆಯಲ್ಲಿ ಉಳಿದದ್ದು ಅವರು ಕಾಣೆಯಾದರೆಂಬ ಸಂಗತಿ ಮಾತ್ರ.

ನಡೆದದ್ದೇನೆಂಬುದು ಹೊರಬಿದ್ದದ್ದು ಹದಿನಾಲ್ಕು ವರ್ಷಗಳ ಬಳಿಕ. 1965ರ ವಾಯುಯುದ್ಧವನ್ನು ಕುರಿತು ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಬರೆದ ಗ್ರಂಥ 1979ರಲ್ಲಿ ಪ್ರಕಟವಾಯಿತು. ಪಾಕಿಸ್ತಾನದ ಕಡೆಯ ಮೂಲಗಳನ್ನು ಬಳಸಿದ್ದ ಆ ಗ್ರಂಥದಿಂದ, ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಚಾಲಕನ ಸ್ಟಾರ್‌ಫೈಟರ್ ವಿಮಾನವು ಆ ದಿನ ಒಂದು ಮಿಸ್ಟೇರ್‌ನೊಡನೆ ಸೆಣಸಿ ಉರುಳಿತೆಂಬುದು ತಿಳಿದುಬಂತು. ಸ್ಟಾರ್‌ಫೈಟರ್ ಶಬ್ದವೇಗವನ್ನು ಮೀರಿ ಹಾರುವ ವಿಮಾನ. ಮಿಸ್ಟೇರ್‌ಗೆ ಆ ವೇಗವಿಲ್ಲ. ಪೆಟ್ಟು ತಿಂದ ವಿಮಾನದಲ್ಲಿಯೇ ತಿರುಗಿ ನಿಂತು, ತನಗಿಂತ ಮೇಲಾದ ವಿಮಾನವನ್ನು ಕೆಡವಿ, ಪ್ರಾಣ ನೀಗಿದ ಚಾಲಕ ದೇವಯ್ಯನವರೇ ಎಂಬುದು ಆಗ ಸ್ಪಷ್ಟವಾಯಿತು. ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರು ಈ ವಿಷಯವನ್ನು ಸರ್ಕಾರದ ಮುಂದಿಟ್ಟರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಹೋರಾಟದ ದಿನಕ್ಕೂ ಪ್ರಶಸ್ತಿಗೂ ನಡುವೆ 23 ವರ್ಷಗಳು ಸರಿದಿದ್ದವು. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರಕ್ಕೆ ಈ ಘಟನೆಯೇ ಆಧಾರ. ಅಲ್ಲಿಯೂ ಪಾತ್ರಕ್ಕೆ ಬೇರೆ ಹೆಸರಿಡಲಾಗಿದೆ.

ಈ ಪ್ರಕರಣವನ್ನು ಕೊನೆಗೂ ನ್ಯಾಯ ದೊರೆತ ಕಥೆಯಾಗಿ ಹೇಳುವುದು ರೂಢಿ. ಅದನ್ನು ಇನ್ನೊಂದು ಬಗೆಯಲ್ಲಿಯೂ ಓದಬೇಕು. ದೇವಯ್ಯನವರು ಅಧಿಕಾರಿಯಾಗಿದ್ದರು. ಅವರ ಕೊನೆಯ ಹೋರಾಟಕ್ಕೆ ಎದುರಾಳಿಯೇ ಸಾಕ್ಷಿಯಾಗಿ ಉಳಿದಿದ್ದನು. ಅದನ್ನು ಬರೆದಿಡಲು ಮೂರನೆಯ ದೇಶದ ಲೇಖಕನೊಬ್ಬನಿದ್ದನು, ಓದಿ ಎತ್ತಿ ಹಿಡಿಯಲು ಹಿರಿಯ ಅಧಿಕಾರಿಯಿದ್ದರು. ಇಷ್ಟೆಲ್ಲ ಕೂಡಿಬಂದರೂ ಹಿಡಿದ ಕಾಲ 23 ವರ್ಷ. ಅದರಲ್ಲಿ ಒಂಬತ್ತು ವರ್ಷಗಳು ಸತ್ಯ ಅಚ್ಚಾದ ಬಳಿಕ ಕಳೆದವು. ಇವುಗಳಲ್ಲಿ ಒಂದೂ ಇಲ್ಲದ ಸಾಮಾನ್ಯ ಸಿಪಾಯಿಯ ಪಾಡೇನು?

ಸಿಪಾಯಿಯ ವಿಷಯದಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಮಹಾವೀರ ಚಕ್ರದಂತಹ ಶೌರ್ಯ ಪ್ರಶಸ್ತಿಯಲ್ಲ. ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದವರಿಗೆ ಸಲ್ಲುವ ಸೇವಾ ಪದಕಗಳು ಬೇರೆ ಇವೆ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ, 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಪದಕ ಆ ಬಗೆಯವು. ಭೂಸೇನೆಯ ಸಿಪಾಯಿಯ ಸೇವಾ ವಿವರವು ಶೀಟ್ ರೋಲ್ ಎಂಬ ಕಡತದಲ್ಲಿರುತ್ತದೆ. ಅದನ್ನು ಕಾಯುವುದು ಆಯಾ ರೆಜಿಮೆಂಟಿನ ದಾಖಲೆ ಕಚೇರಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿದೆ. ಸೈನಿಕನಿದ್ದ ಘಟಕವು ಭಾಗ-2ರ ಆದೇಶವೆಂಬುದನ್ನು ಹೊರಡಿಸಿದ ಮೇಲೆಯೇ ಪದಕದ ನಮೂದು ಆ ಕಡತವನ್ನು ಸೇರುತ್ತದೆ. ಯುದ್ಧದ ಗಡಿಬಿಡಿಯಲ್ಲಿ ಆದೇಶ ಹೊರಡದಿದ್ದರೆ, ಸೈನಿಕನು ಆಸ್ಪತ್ರೆಯಲ್ಲಿಯೋ ಬೇರೆ ಘಟಕಕ್ಕೆ ವರ್ಗವಾಗುವ ಹಾದಿಯಲ್ಲಿಯೋ ಇದ್ದರೆ, ಗುಮಾಸ್ತನು ಸೇವಾ ಸಂಖ್ಯೆಯ ಒಂದು ಅಂಕಿಯನ್ನು ತಪ್ಪಾಗಿ ಬರೆದರೆ ನಮೂದು ತಪ್ಪಿಹೋಗುತ್ತದೆ. ನಿವೃತ್ತಿಯ ದಿನ ಕೈಗೆ ಬರುವ ಡಿಸ್ಚಾರ್ಜ್ ಪುಸ್ತಕದಲ್ಲಿ ಆ ಸಾಲು ಖಾಲಿ ಉಳಿಯುತ್ತದೆ.

ಈಗ ತಾಳವಾಡಿಯ ಕಡೆಗೆ ತಿರುಗಬಹುದು. ವರನಟ ರಾಜಕುಮಾರ್ ಅವರ ಗಾಜನೂರು ಇರುವ ಸೀಮೆ ಅದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಪೆರಿಯಾರ್ ಜಿಲ್ಲೆಯನ್ನು ರಚಿಸಲಾಯಿತು. ಆ ಜಿಲ್ಲೆಗೆ ಮುಂದೆ ಈರೋಡ್ ಎಂಬ ಹೆಸರು ಬಂತು. ಸತ್ಯಮಂಗಲ ತಾಲ್ಲೂಕಿನ ಭಾಗವಾಗಿದ್ದ ತಾಳವಾಡಿ ಈಗ ತಾನೇ ಒಂದು ತಾಲ್ಲೂಕು. ಈ ಬೆಟ್ಟದ ಹಳ್ಳಿಯೊಂದರಿಂದ 1970ರ ಸುಮಾರಿಗೆ ಸೈನ್ಯ ಸೇರಿದ ಯುವಕನೊಬ್ಬನನ್ನು ಕಲ್ಪಿಸಿಕೊಂಡರೆ ತೊಡಕು ಅರಿವಾಗುತ್ತದೆ. ಅವನ ಸೇರ್ಪಡೆಯ ಪತ್ರದಲ್ಲಿ ಇರುವುದು ಕೊಯಮತ್ತೂರು ಜಿಲ್ಲೆ. ಸೇವೆಯ ನಡುವಿನ ಪತ್ರಗಳಲ್ಲಿ ಪೆರಿಯಾರ್ ಜಿಲ್ಲೆ ಬರುತ್ತದೆ. ಇಂದಿನ ಗುರುತಿನ ಚೀಟಿಯಲ್ಲಿ ಈರೋಡ್ ಜಿಲ್ಲೆ, ತಾಳವಾಡಿ ತಾಲ್ಲೂಕು. ಹುಟ್ಟಿದ ಮನೆಯನ್ನು ಬಿಟ್ಟು ಒಂದು ಗೇಣು ಸರಿಯದವನಿಗೂ ಕಾಗದದ ಮೇಲೆ ಮೂರು ವಿಳಾಸಗಳು.

ವಿಳಾಸಕ್ಕಿಂತ ಬಿಗಿಯಾದ ತೊಡಕು ಹೆಸರಿನದು. ಇದು ಭಾಷೆಯನ್ನು ಓದುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ತಮಿಳು ಲಿಪಿಯಲ್ಲಿ ಕ-ಗ, ಟ-ಡ, ತ-ದ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಕನ್ನಡ ಶಾಲೆಯ ದಾಖಲೆಯಲ್ಲಿ ಬಸವಣ್ಣನಾಗಿದ್ದವನ ಹೆಸರನ್ನು ತಮಿಳಿನಲ್ಲಿ ಬರೆದು, ಆ ಬರಹವನ್ನು ನೋಡಿ ಇಂಗ್ಲಿಷಿಗೆ ಇಳಿಸಿದರೆ ಅವನು ಪಸವಣ್ಣನಾಗಬಹುದು. ದೊಡ್ಡಯ್ಯ ತೊಟ್ಟಯ್ಯನಾಗಬಹುದು. ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದೆ ಇಡುವ ಪದ್ಧತಿ ಒಂದು ಕಾಗದದಲ್ಲಿ, ಹೆಸರನ್ನು ಪೂರ್ಣವಾಗಿ ಬರೆಯುವ ಪದ್ಧತಿ ಇನ್ನೊಂದರಲ್ಲಿ. ಭಾಷಾವಿಜ್ಞಾನದ ತರಗತಿಯಲ್ಲಿ ಘೋಷ-ಅಘೋಷ ವ್ಯಂಜನಗಳ ಪಾಠವಾಗಿ ಮುಗಿದುಹೋಗುವ ವಿಷಯವು, ದಾಖಲೆ ಕಚೇರಿಯ ಮೇಜಿನ ಮೇಲೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳನ್ನು ಸೃಷ್ಟಿಸಬಲ್ಲದು. ಪದಕ ಸಂದದ್ದು ಒಬ್ಬನಿಗೆ, ಅರ್ಜಿ ಹಾಕಿದವನು ಇನ್ನೊಬ್ಬ ಎಂಬ ಸಂಶಯಕ್ಕೆ ಅಷ್ಟೇ ಸಾಕು.

ತಿದ್ದುಪಡಿಗೆ ದಾರಿಗಳಿಲ್ಲವೆಂದಲ್ಲ. ಜಿಲ್ಲಾ ಕೇಂದ್ರದ ಮಾಜಿ ಸೈನಿಕರ ಕಲ್ಯಾಣ ಕಚೇರಿಯ ಮೂಲಕ ದಾಖಲೆ ಕಚೇರಿಗೆ ಅರ್ಜಿ ಸಲ್ಲಿಸಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತನ್ನ ಕಡತದ ಪ್ರತಿಯನ್ನು ಕೇಳಬಹುದು. ಕೊನೆಗೆ 2007ರ ಕಾಯ್ದೆಯಿಂದ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲೂ ಇದೆ. ಆದರೆ ತಾಳವಾಡಿಯಿಂದ ಈರೋಡಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಹೋಗಬೇಕು; ಹುಲಿ ಸಂರಕ್ಷಿತ ಅರಣ್ಯದ ಆ ಹಾದಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಎಪ್ಪತ್ತೈದು ದಾಟಿದ ವೃದ್ಧನಿಗೆ ಒಂದು ಕಾಗದದ ಸಲುವಾಗಿ ಮೂರು ಬಾರಿ ಆ ಘಾಟಿಯನ್ನು ಇಳಿದು ಹತ್ತುವುದು ಸಣ್ಣ ಮಾತಲ್ಲ. ಕಾಲವೂ ಅವನ ಪರವಾಗಿಲ್ಲ. ಪಿಂಚಣಿಯಿಲ್ಲದೆ ಸೇವೆಯಿಂದ ಹೊರಬಂದವರ ಕಡತಗಳನ್ನು 25 ವರ್ಷಗಳ ಬಳಿಕ ನಾಶಪಡಿಸುವ ನಿಯಮ ಸೈನ್ಯದಲ್ಲಿದೆ. ಕಡತ ಅಳಿದ ಮೇಲೆ ಸಾಕ್ಷಿ ಉಳಿಯುವುದು ಜೊತೆಗಿದ್ದವರ ನೆನಪಿನಲ್ಲಿ. ಅವರೂ ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ.

ಸೈನ್ಯದ ಎಚ್ಚರಿಕೆಗೆ ಕಾರಣವಿಲ್ಲದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೇಳಿದವರಿಗೆಲ್ಲ ಪದಕವನ್ನು ನಮೂದಿಸುತ್ತ ಹೋದರೆ, ನಿಜವಾಗಿ ಪಡೆದವನ ಪದಕಕ್ಕೆ ಬೆಲೆಯಿರುವುದಿಲ್ಲ. ನೆನಪು ವರ್ಷಗಳನ್ನು ಕಲಸುತ್ತದೆ. ಒಂದು ಘಟಕದಲ್ಲಿ ನಡೆದದ್ದನ್ನು ಇನ್ನೊಂದಕ್ಕೆ ಅಂಟಿಸುತ್ತದೆ. ಆದುದರಿಂದ ಪುರಾವೆಯನ್ನು ಕೇಳುವುದು ತಪ್ಪಲ್ಲ. ಆಕ್ಷೇಪವಿರುವುದು ಪುರಾವೆಯ ಹೊರೆಯನ್ನು ಪೂರ್ತಿಯಾಗಿ ಸಿಪಾಯಿಯ ಹೆಗಲಿಗೇ ಹೊರಿಸುವುದಕ್ಕೆ. ಆದೇಶವನ್ನು ಹೊರಡಿಸಬೇಕಾದದ್ದು ಘಟಕ. ಬರೆಯಬೇಕಾದದ್ದು ದಾಖಲೆ ಕಚೇರಿ. ಯಾವ ಘಟಕ ಯಾವ ತಿಂಗಳಲ್ಲಿ ಯಾವ ರಣಭೂಮಿಯಲ್ಲಿತ್ತು ಎಂಬುದು ಸೈನ್ಯದ ಬಳಿಯಲ್ಲಿಯೇ ಇರುವ ಮಾಹಿತಿ. ಆ ಘಟಕದ ಸೈನಿಕರ ಪಟ್ಟಿಯನ್ನೂ ಪದಕ ಪಡೆದವರ ಪಟ್ಟಿಯನ್ನೂ ಎದುರುಬದುರಿಟ್ಟು ನೋಡಿದರೆ, ಯಾರ ಅರ್ಜಿಗೂ ಕಾಯದೆ ಬಿಟ್ಟುಹೋದ ಹೆಸರುಗಳು ಕಾಣಸಿಗುತ್ತವೆ.

ಇದು ಎಲ್ಲಿಯೂ ಆಗದ ಕೆಲಸವಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ವರ್ಣದ ಅಮೆರಿಕನ್ ಸೈನಿಕರಲ್ಲಿ ಒಬ್ಬರಿಗೂ ಆ ದೇಶದ ಅತ್ಯುನ್ನತ ಗೌರವವಾದ ಮೆಡಲ್ ಆಫ್ ಆನರ್ ಸಂದಿರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಸೈನ್ಯವೇ ಇದರ ಕಾರಣವನ್ನು ಶೋಧಿಸುವ ಅಧ್ಯಯನವನ್ನು ಶಾ ವಿಶ್ವವಿದ್ಯಾಲಯಕ್ಕೆ ವಹಿಸಿತು. ಅದರ ಫಲವಾಗಿ 1997ರ ಜನವರಿಯಲ್ಲಿ ಏಳು ಮಂದಿಗೆ ಆ ಗೌರವ ಸಂದಿತು. ಸ್ವೀಕರಿಸಲು ಬದುಕಿ ಉಳಿದಿದ್ದವರು ವರ್ನನ್ ಬೇಕರ್ ಒಬ್ಬರೇ. ಅದೇ ದೇಶದ ಸೇಂಟ್ ಲೂಯಿಸ್ ನಗರದ ದಾಖಲೆ ಭಂಡಾರದಲ್ಲಿ 1973ರಲ್ಲಿ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಸೈನಿಕ ಕಡತಗಳು ಸುಟ್ಟುಹೋದವು. ಕಡತವಿಲ್ಲವೆಂದು ಕೈಚೆಲ್ಲದೆ, ಸಂಬಳದ ಪಟ್ಟಿ, ಆಸ್ಪತ್ರೆಯ ದಾಖಲೆಗಳಂತಹ ಅನ್ಯ ಮೂಲಗಳಿಂದ ಸೇವಾ ವಿವರವನ್ನು ಮತ್ತೆ ಕಟ್ಟುವ ವ್ಯವಸ್ಥೆ ಅಲ್ಲಿ ಬೆಳೆಯಿತು. ಏಳು ಮಂದಿಯಲ್ಲಿ ಆರು ಮಂದಿಗೆ ತಡವಾದದ್ದನ್ನು ಮರೆಯುವಂತಿಲ್ಲ. ಆದರೂ ಸಂಸ್ಥೆಯೇ ಮುಂದಾಗಿ ತನ್ನ ದಾಖಲೆಯನ್ನು ಪ್ರಶ್ನಿಸಿಕೊಂಡಿತೆಂಬುದು ಗಮನಾರ್ಹ.

‘ದೇಶಕ್ಕಾಗಿ ದುಡಿದವನು ಪದಕಕ್ಕಾಗಿ ಕೈಚಾಚಬಾರದು, ನಿಜವಾದ ಸೈನಿಕನಿಗೆ ಅದರ ಹಂಬಲವಿರುವುದಿಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೇಳಲು ಉದಾತ್ತವಾಗಿರುವ ಈ ಮಾತು ಸೈನಿಕನ ಸಂಕೋಚವನ್ನು ಕಚೇರಿಯ ಅನುಕೂಲಕ್ಕೆ ಒದಗಿಸುತ್ತದೆ. ಕನ್ನಡ ನಾಡಿನ ವೀರಗಲ್ಲುಗಳನ್ನು ಕಂಡವರು ಇದಕ್ಕೆ ಉತ್ತರವನ್ನು ಬಲ್ಲರು. ತುರುಗೊಳ್ ಕಾಳಗದಲ್ಲಿ ಮಡಿದವನು ತನಗೊಂದು ಕಲ್ಲು ನಿಲ್ಲಿಸಿರೆಂದು ಅರ್ಜಿ ಬರೆದವನಲ್ಲ. ಅದನ್ನು ನಿಲ್ಲಿಸಿದವರು ಬಂಧುಗಳು, ಊರವರು, ಒಡೆಯರು. ಕ್ರಿ.ಶ. 949-50ರ ಆತಕೂರು ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಯುದ್ಧದ ಸಂಗತಿಯನ್ನೂ, ಅಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಬೂತುಗನಿಂದ ಸಂದ ಬಾಳ್ಗೞ್ಚನ್ನೂ ಹೇಳುವ ಆ ಕಲ್ಲು, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನೂ ಹೆಸರಿಟ್ಟು ಸ್ಮರಿಸುತ್ತದೆ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವನು ಉಣ್ಣಬಾರದೆಂಬ ಕಟ್ಟಳೆಯನ್ನೂ ವಿಧಿಸುತ್ತದೆ. ಕೇಳಲು ಬಾಯಿಲ್ಲದ ಪ್ರಾಣಿಯ ಶೌರ್ಯವನ್ನೂ ದಾಖಲೆಗೆ ತಂದ ನಾಡಿನಲ್ಲಿ, ಕೇಳಲು ಸಂಕೋಚಪಡುವ ಮನುಷ್ಯನ ಹೆಸರು ಬಿಟ್ಟುಹೋಗುವುದು ಸಲ್ಲದು. ತಮಿಳರ ನಡುಕಲ್ಲುಗಳ ಆಶಯವೂ ಇದೇ ಆಗಿರುವುದರಿಂದ, ಗಡಿಯ ಆಚೆ ಈಚೆಯ ಎರಡೂ ಭಾಷೆಗಳು ಈ ವಿಷಯದಲ್ಲಿ ಒಂದೇ ಮಾತನ್ನಾಡುತ್ತವೆ.

ಹಾಗಾದರೆ ಆಗಬೇಕಾದದ್ದೇನು? ಯುದ್ಧಕಾಲದ ಘಟಕ ಪಟ್ಟಿಗಳನ್ನು ದಾಖಲೆ ಕಚೇರಿಗಳು ತಾವೇ ಮರುಪರಿಶೀಲಿಸಬೇಕು. 1971ರಲ್ಲಿ ಹೋರಾಡಿದವರು ಇನ್ನೂ ಬದುಕಿರುವಾಗಲೇ ಅದು ನಡೆಯಬೇಕು. ಗಡಿನಾಡಿನ ಸೈನಿಕರ ಹೆಸರು ಮತ್ತು ವಿಳಾಸಗಳ ವ್ಯತ್ಯಾಸವನ್ನು ವಂಚನೆಯ ಸುಳಿವೆಂದು ಎಣಿಸದೆ, ಕನ್ನಡ, ತಮಿಳು, ಇಂಗ್ಲಿಷ್ ಮೂರು ರೂಪಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಸ್ಥಳೀಯ ಪ್ರಮಾಣಪತ್ರವನ್ನು ಮಾನ್ಯ ಮಾಡಬೇಕು. ವರ್ಷಕ್ಕೊಮ್ಮೆಯಾದರೂ ತಾಳವಾಡಿಯಲ್ಲಿಯೇ ಶಿಬಿರ ನಡೆಸಿ, ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿಯೇ ಕೇಳಿಸಿಕೊಳ್ಳುವ ಏರ್ಪಾಡಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆಯ ಅಗತ್ಯವಿಲ್ಲ.

ಉಳಿದ ಕೆಲಸ ಭಾಷೆಯನ್ನು ಬಲ್ಲವರದು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದ ಹೆಸರಿನಲ್ಲಿ ಜಾನಪದ ಗೀತೆಗಳನ್ನೂ ಸ್ಥಳನಾಮಗಳನ್ನೂ ಸಂಗ್ರಹಿಸುವುದು ಹಳೆಯ ಪರಿಪಾಠ. ಅದೇ ಶಿಸ್ತಿನಿಂದ ಮಾಜಿ ಸೈನಿಕರ ಮಾತುಗಳನ್ನೂ ಬರೆದುಕೊಳ್ಳಬಹುದು: ಸೇವಾ ಸಂಖ್ಯೆ, ಘಟಕ, ಸೇರಿದ ಮತ್ತು ನಿವೃತ್ತರಾದ ದಿನ, ಇದ್ದ ರಣಭೂಮಿ, ಜೊತೆಗಿದ್ದವರ ಹೆಸರುಗಳು, ಡಿಸ್ಚಾರ್ಜ್ ಪುಸ್ತಕದಲ್ಲಿ ಇರುವ ಮತ್ತು ಇಲ್ಲದ ನಮೂದುಗಳು. ಶಾಸನಪಾಠ ಕಲಿಸಿದ ಎಚ್ಚರ ಇಲ್ಲಿ ನೆರವಿಗೆ ಬರುತ್ತದೆ. ಕಲ್ಲು ಒಡೆದ ಕಡೆ ಚುಕ್ಕಿಗಳನ್ನಿಟ್ಟು, ಊಹೆಯನ್ನು ಕಂಸದೊಳಗೆ ಬೇರ್ಪಡಿಸುವುದು ಶಾಸನ ಸಂಪಾದನೆಯ ನಿಯಮ. ನೆನಪು ಒಡೆದ ಕಡೆಯೂ ಹಾಗೆಯೇ ಬಿಡಬೇಕು. ಹಿರಿಯರನ್ನು ಸಂತೋಷಪಡಿಸಲು ಇಲ್ಲದ ಪದಕವನ್ನು ತುಂಬಿಸಿದರೆ ಇದ್ದ ಪದಕವೂ ಸಂಶಯಕ್ಕೆ ಈಡಾಗುತ್ತದೆ.

ತಿದ್ದುಪಡಿಯಿಂದ ಸಂಸ್ಥೆಯ ಮರ್ಯಾದೆಗೆ ಕುಂದು ಬರುತ್ತದೆಂಬ ಅಳುಕಿಗೂ ಕನ್ನಡದ ವಿದ್ವತ್ತಿನಲ್ಲಿಯೇ ಸಮಾಧಾನವಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳ ಪಾಠಗಳನ್ನು ಮುಂದಿನ ವಿದ್ವಾಂಸರು ಕಲ್ಲಿನ ಮುಂದೆ ಮತ್ತೆ ಕುಳಿತು ತಿದ್ದಿದರು; ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ರೈಸ್ ಅವರ ಹಿರಿಮೆ ಅದರಿಂದ ಕುಗ್ಗಲಿಲ್ಲ; ಅವರ ಕೆಲಸ ಇನ್ನಷ್ಟು ನಂಬಲರ್ಹವಾಯಿತು. ಸೈನ್ಯದ ಕಡತಕ್ಕೂ ಅದೇ ಮಾತು ಅನ್ವಯಿಸುತ್ತದೆ. ದೇವಯ್ಯನವರ ಹೆಸರಿನ ಮುಂದೆ 1988ರಲ್ಲಿ ಸೇರಿದ ಒಂದು ಸಾಲು ವಾಯುಪಡೆಯ ಚರಿತ್ರೆಯನ್ನು ಹಿಂದಿಗಿಂತ ನಿಜವಾಗಿಸಿತು. ಬೆಟ್ಟದ ಹಳ್ಳಿಯೊಂದರ ಸಿಪಾಯಿಯ ಶೀಟ್ ರೋಲಿನಲ್ಲಿ ಸೇರಬೇಕಾದ ಸಾಲು ಅದಕ್ಕಿಂತ ಚಿಕ್ಕದು, ಅದರ ಪುರಾವೆ ಅದಕ್ಕಿಂತ ಸುಲಭ. ಅದಕ್ಕೆ 23 ವರ್ಷ ಕಾಯುವಷ್ಟು ಆಯುಷ್ಯ ಮಾತ್ರ ಅವನ ಬಳಿ ಉಳಿದಿಲ್ಲ.